ಓಣಿಯ ಕೆಂಪು ಕುರ್ಚಿ

ಬಳ್ಳಾರಿಯ ಆ ಸಭಾಂಗಣದಲ್ಲಿ ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ಇಳಿಯುತ್ತಿತ್ತು. ನಮ್ಮ ಕಡೆ ಬಡವರು ಕಡಿಮೆಯಾಗುತ್ತಿದ್ದಾರೆ ಎಂದು ಅದರ ಅರ್ಥ. ಬೆಳವಣಿಗೆಯ ಫಲ ಕೊನೆಯ ಮನೆಗೂ ಮುಟ್ಟಿದೆ ಎಂದು ಭಾಷಣಕಾರರು ಹೇಳಿದರು. ಶಾಲಾ ಶಿಕ್ಷಕರಾದ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎಸಿ ತಂಪಾಗಿತ್ತು, ಊಟ ಚೆನ್ನಾಗಿತ್ತು, ತಟ್ಟದೆ ಇನ್ನೇನು ಮಾಡುವುದು? ಆದರೆ ಆ ಗೆರೆ ಹೇಗೆ ಇಳಿಯಿತೆಂದು ನನಗೆ ಗೊತ್ತು. ಅದನ್ನು ಹಿಡಿದು ಕೆಳಗೆಳೆದವರಲ್ಲಿ ನಾನೂ ಒಬ್ಬಳು.

ನಾನು ಬೆಳೆದದ್ದು ಸಿರುಗುಪ್ಪ ಹತ್ತಿರದ ಕರೂರಿನಲ್ಲಿ, ಸೋದರತ್ತೆಯ ಮನೆಯಲ್ಲಿ. ಊರ ಸುತ್ತ ಕಣ್ಣು ಹಾಯುವವರೆಗೂ ಭತ್ತದ ಗದ್ದೆ. ನಮ್ಮ ಓಣಿಯವರಿಗೆ ಮಾತ್ರ ಅದರಲ್ಲಿ ಅಂಗೈಯಗಲವೂ ಇರಲಿಲ್ಲ. ಎಲ್ಲರದೂ ನಾಟಿ, ಕಳೆ, ಕೊಯ್ಲಿನ ಕೂಲಿ. ಆದರೂ ಯಾರ ಮನೆಗಾದರೂ ದೊಡ್ಡವರು ಬಂದರೆ, ಹೆಣ್ಣು ನೋಡಲು ಬಂದವರಿರಲಿ, ಶಾಲೆಯ ಮಾಸ್ತರರಿರಲಿ, ಓಣಿಯೆಲ್ಲ ಸೇರಿ ಆ ಮನೆಯನ್ನು ತುಂಬಿಸುತ್ತಿತ್ತು. ಕುರ್ಚಿ ಒಂದು ಮನೆಯದು, ಫ್ಯಾನು ಇನ್ನೊಂದು ಮನೆಯದು, ಸ್ಟೀಲ್ ಲೋಟಗಳು ಮೂಲೆಮನೆಯವು. ಯಾರೂ ಕೇಳಬೇಕಾಗಿರಲಿಲ್ಲ. ಬಾಗಿಲಲ್ಲಿ ಹೊಸ ಚಪ್ಪಲಿ ಕಂಡರೆ ಸಾಕು, ಸಾಮಾನುಗಳು ತಾವಾಗಿಯೇ ಹಿಂದಿನ ಬಾಗಿಲಿಂದ ಬರುತ್ತಿದ್ದವು. ಕೆಂಪು ಪ್ಲಾಸ್ಟಿಕ್ ಕುರ್ಚಿ ತಲೆಯ ಮೇಲೆ ಹೊತ್ತು ಓಡುವ ಕೆಲಸ ನನ್ನದು. ಇದರಲ್ಲಿ ಮೋಸವೇನೂ ಇರಲಿಲ್ಲ. ಬಂದವರಿಗೂ ಗೊತ್ತಿತ್ತು, ಅವರ ಓಣಿಯಲ್ಲೂ ಅದೇ ರೂಢಿ.

ಓದಿ ಟೀಚರಾದೆ. ಬಳ್ಳಾರಿಯ ಪಾರ್ವತಿನಗರದಲ್ಲಿ ಮನೆ ಮಾಡಿದೆ. ಮನೆತುಂಬ ನನ್ನವೇ ಕುರ್ಚಿಗಳು.

ಒಂದು ಬೇಸಿಗೆ, ಯಾರ ಮನೆಯಲ್ಲಿ ಏನೇನಿದೆ ಎಂದು ಫೋನಿನಲ್ಲಿ ತುಂಬುವ ಸರ್ಕಾರಿ ಸರ್ವೇ ಡ್ಯೂಟಿಗೆ ಕುರುಗೋಡಿಗೆ ಹಾಕಿದರು. ಗುಡ್ಡದ ಬುಡದಲ್ಲಿ ಕಲ್ಲು ಒಡೆಯುವವರ ಮನೆಗಳು. ಒಂದು ಮನೆಯ ಹೆಂಗಸು "ಬರ್ರಿ ಟೀಚರಮ್ಮ, ಬಿಸಲಾಗ ಬಂದೀರಿ" ಎಂದು ಕೆಂಪು ಕುರ್ಚಿ ಹಾಕಿ, ಫ್ಯಾನನ್ನು ನನ್ನ ಕಡೆ ತಿರುಗಿಸಿದಳು. ಫ್ಯಾನಿನ ವೈರು ಕಿಟಕಿ ದಾಟಿ ಪಕ್ಕದ ಮನೆಯೊಳಗೆ ಹೋಗಿತ್ತು. ನಾನು ನೋಡಿದೆ. ನೋಡಿದ ಮೇಲೂ ಫೋನಿನಲ್ಲಿ ಕುರ್ಚಿ ಇದೆ, ಫ್ಯಾನು ಇದೆ, ಮಿಕ್ಸಿ ಇದೆ ಎಂದು ಒತ್ತುತ್ತ ಹೋದೆ. ಪಕ್ಕದ ಮನೆಯದು ಎಂದು ಹೇಳುವ ಜಾಗ ಅದರಲ್ಲಿರಲಿಲ್ಲ. ಇನ್ನೂ ಮನೆಗಳು ಬಾಕಿ ಇದ್ದವು, ಬಸ್ಸು ಹಿಡಿಯಬೇಕಿತ್ತು. ಅವಳು ಕೊಟ್ಟ ಚಹಾ ಕುಡಿದೆ, ಎದ್ದು ಬಂದೆ, ಮರೆತೆ.

ಮುಂದಿನ ವರ್ಷ ಅತ್ತೆಯ ಫೋನು ಬಂತು. "ಲೇ, ರೇಷನ್ ಅಂಗಡ್ಯಾಗ ಹೆಬ್ಬೆಟ್ಟು ಒತ್ತಿದ್ರ ನನ್ನ ಹೆಸರೇ ಇಲ್ಲಂತಾರ. ನಾ ಸತ್ತೀನೇನು?"

ಅತ್ತೆ, ಗಂಡ ತೀರಿಕೊಂಡ ಮಗಳು, ಮೊಮ್ಮಗಳು, ಮೂರು ಹೊಟ್ಟೆಗೂ ಆ ಅಕ್ಕಿಯೇ ಆಧಾರ. ಭತ್ತದ ನಡುವೆ ಕೂತವರಿಗೆ ಅಕ್ಕಿಯ ಚಿಂತೆಯೇ ಎಂದು ಕೇಳಬಹುದು. ಹಿಂದೆ ಕೊಯ್ಲಿಗೆ ಹೋದರೆ ಕೂಲಿಯಾಗಿ ಭತ್ತವೇ ಮನೆಗೆ ಬರುತ್ತಿತ್ತು. ಈಗ ಕಟಾವಿನ ಮಷೀನು ಗದ್ದೆಗಿಳಿಯುತ್ತದೆ, ಹೆಂಗಸರ ಒಂದಿಡೀ ಗುಂಪಿನ ಕೆಲಸವನ್ನು ಮಧ್ಯಾಹ್ನದೊಳಗೆ ಮುಗಿಸುತ್ತದೆ. ಇಳುವರಿ ಹೆಚ್ಚಿದೆ, ನಿಜ. ಮಿಲ್ಲುಗಳು ಹೆಚ್ಚಿವೆ, ಅದೂ ನಿಜ. ಅತ್ತೆಯ ಬಾಗಿಲಿಗೆ ಬಂದ ಬೆಳವಣಿಗೆಯೆಂದರೆ ಲಾರಿಗಳು ಎಬ್ಬಿಸುವ ಧೂಳು. ದಿನಕ್ಕೆರಡು ಸಲ ಗುಡಿಸಿದರೂ ಹೋಗುವುದಿಲ್ಲ.

ರಜೆ ಹಾಕಿ ಅವಳ ಜೊತೆ ಸಿರುಗುಪ್ಪದ ರೇಷನ್ ಕಾರ್ಡಿನ ಕಚೇರಿಗೆ ಹೋದೆ. ಅವಳಿಗೆ ಅದು ನಾಲ್ಕನೆಯ ಸಲ. ಕಿಟಕಿಯೊಳಗಿದ್ದವನು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದ. ಸರ್ವೇಯಲ್ಲಿ ಅತ್ತೆಯ ಮನೆಯಲ್ಲಿವೆ ಎಂದು ಬರೆದದ್ದು: ಕುರ್ಚಿಗಳು, ಫ್ಯಾನು, ಮಿಕ್ಸಿ, ಮೋಟರ್ ಸೈಕಲ್ಲು.

"ಯಪ್ಪಾ, ಆ ಗಾಡಿ ಎದುರುಮನೀದು. ನಮ್ಮ ಬೇವಿನ ಗಿಡದ ನೆರಳಿಗೆ ನಿಂದ್ರಸ್ತಾರ" ಎಂದಳು ಅತ್ತೆ.

"ಕುರ್ಚಿ?"

"ಸಾಹೇಬ್ರು ಬಂದಿದ್ರು, ಓಣ್ಯಾಗಿಂದ ತರಸಿದ್ನಿ."

ಅವನು ನಕ್ಕ. "ನೀವು ಬಡತನದಿಂದ ಮ್ಯಾಲ ಬಂದೀರಿ ಅಮ್ಮಾ. ಖುಷಿ ಪಡ್ರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ಹೊತ್ತಿನ ಊಟದಿಂದ ಒಂದು ಹೊತ್ತಿನ ಗಂಜಿಗಿಳಿದವಳು ಖುಷಿ ಪಡಬೇಕಂತೆ! ಬಾಯಿಗೆ ಬಂದಂತೆ ಬೈದೆ. ಬೈಯುವಾಗಲೇ ಕುರುಗೋಡಿನ ಆ ವೈರು ಕಣ್ಣೆದುರು ಬಂದು ನಾಲಿಗೆ ಕಚ್ಚಿಕೊಂಡೆ. ಇವನು ಬರೀ ಓದಿ ಹೇಳುತ್ತಿದ್ದಾನೆ, ಒತ್ತಿದ್ದು ನನ್ನಂಥದೇ ಒಂದು ಬೆರಳು. ಕೊನೆಗೆ ಅವನು ಮತ್ತೊಮ್ಮೆ ಮನೆ ನೋಡಲು ಜನ ಕಳಿಸುತ್ತೇನೆ ಎಂದ. ವಾಪಸು ಬರುವ ಬಸ್ಸಿನಲ್ಲಿ ಅತ್ತೆಗೆ ಕುರುಗೋಡಿನದನ್ನೆಲ್ಲ ಹೇಳಿದೆ. ಅವಳು ಸೆರಗು ಎಳೆದುಕೊಂಡು ಕಿಟಕಿಯ ಕಡೆ ತಿರುಗಿ ಕೂತಳು.

ಮನೆ ನೋಡಲು ಬರುವ ದಿನ ಬೆಳಿಗ್ಗೆಯೇ ಕರೂರಿಗೆ ಹೋಗಿ ಮನೆಮನೆಗೂ ಹೇಳಿದೆ: ಇವತ್ತು ಒಂದು ಲೋಟವೂ ಬರಕೂಡದು. ಬೈಕು ದೂರ ನಿಲ್ಲಿಸಿ. ಅತ್ತೆ ಜಗಳಕ್ಕೇ ನಿಂತಳು.

"ಬಂದವ್ರನ್ನ ನಿಂದ್ರಿಸಿ ಮಾತಾಡ್ಸಲೇನು? ನಾವೇನು ಅಷ್ಟು ಕೆಟ್ಟೀವೇನು?"

"ಹೌದು ಅತ್ತಿ, ಕೆಟ್ಟೀವಿ ಅಂತ ತೋರಿಸ್ಬೇಕು. ಇಲ್ಲಂದ್ರ ಅಕ್ಕಿ ಬರಂಗಿಲ್ಲ."

ಬಂದವಳು ಎಳೆಯ ಹುಡುಗಿ, ಬೆವರಿ ನೀರಾಗಿದ್ದಳು. ಖಾಲಿ ಕೋಣೆಯ ನಡುವೆ ನಿಂತು ನಾಲ್ಕು ಮೂಲೆಯ ಫೋಟೋ ತೆಗೆದಳು. ಓಣಿಯ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಅತ್ತೆ ತಲೆ ಎತ್ತಲಿಲ್ಲ. ನೆಲದ ಮೇಲಾದರೂ ಕೂರಿಸೋಣವೆಂದು ಚಾಪೆಗೆ ಚಾಚಿದ ಕೈಯನ್ನು ತಾನೇ ಹಿಂದೆ ತೆಗೆದಳು. ಹೆಣ್ಣೊಬ್ಬಳ ಸೀರೆಯನ್ನು ಬೀದಿಯಲ್ಲಿ ಬಿಚ್ಚಿಸಿದಷ್ಟು ಅವಮಾನ ಅದು. ಅದನ್ನು ನಿಂತು ಮಾಡಿಸಿದವಳು ನಾನು.

ಎರಡು ತಿಂಗಳಿಗೆ ಕಾರ್ಡು ಬಂತು. ಸುದ್ದಿ ಹೇಳಲು ಫೋನು ಮಾಡಿದ ಅತ್ತೆ ಸಂತೋಷವನ್ನೇನೂ ತೋರಿಸಲಿಲ್ಲ.

"ನನಗ ಕಚೇರಿಗೆ ಬಂದು ಬೈಯಾಕ ನೀ ಇದ್ದಿ. ಆ ಕುರುಗೋಡಿನಾಕಿಗೆ ಯಾರದಾರ?"

ಮರುದಿನವೇ ಅರ್ಜಿಯ ಹಾಳೆ ಹಿಡಿದು ಕುರುಗೋಡಿಗೆ ಹೋದೆ. ದಾರಿಯುದ್ದಕ್ಕೂ ಅವಳು ಬೈದರೆ ಬೈಸಿಕೊಳ್ಳಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡವಳು ಗುರುತು ಹಿಡಿದು ನಕ್ಕಳು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ಕಡೆ ಕೂಗು ಹಾಕಿದಳು.

"ಅಕ್ಕಾ, ಟೀಚರಮ್ಮ ಬಂದಾರ, ಕುರ್ಚಿ ಕೊಡು!"

"ಬ್ಯಾಡವ್ವಾ, ಕುರ್ಚಿ ಬ್ಯಾಡ. ನಿನ್ನ ರೇಷನ್ ಕಾರ್ಡು ಐತೇನು, ಅದನ್ನ ಹೇಳು."

"ಎಲ್ಲೈತ್ರಿ, ಹೋಗಿ ವರ್ಷಾತು. ಯಾರು ತೆಗದ್ರೋ ಏನೋ" ಎಂದಳು. ಅಷ್ಟರಲ್ಲಿ ಕೆಂಪು ಕುರ್ಚಿ ಬಂದಿತ್ತು. ಸೆರಗಿನಿಂದ ಅದರ ಧೂಳು ಒರೆಸಿ ನನ್ನ ಮುಂದಿಟ್ಟಳು. "ಅದೆಲ್ಲಾ ಇರ್ಲಿ ಬಿಡ್ರಿ, ನೀವು ಮದ್ಲು ಕುಂದರ್ರಿ."