ಪೊರೆ ತೆಗೆಯುವವರು

ಗುತ್ತಲು ಬಡಾವಣೆಯ ನಮ್ಮ ಎದುರು ಮನೆಯ ಯಜಮಾನರು ತಮ್ಮ ಹಳೆಯ ಕಾರನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಆದರೆ ಬೀದಿಯಲ್ಲಿ ಯಾರ ಕಾರಿನ ಹೆಡ್‌ಲೈಟು ಮಂಕಾಗಿದ್ದರೂ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಉಗುರಿನಿಂದ ಟಕಟಕ ಬಡಿದು, "ಪೊರೆ ಬಂದದೆ ಕಣಮ್ಮ, ತೆಗೆದ್ಬುಡಾನ" ಎನ್ನುತ್ತಿದ್ದರು. ನೀರು ಹಾಕಿ ನಯವಾದ ಉಪ್ಪುಕಾಗದದಲ್ಲಿ ತಿಕ್ಕುವರು. ಆಮೇಲೆ ಹಲ್ಲುಜ್ಜುವ ಪೇಸ್ಟು ಹಚ್ಚಿ, ಹರಿದ ಬನಿಯನ್ನಿನಲ್ಲಿ ಮಗುವಿನ ಕೆನ್ನೆ ಒರೆಸಿದಂತೆ ಉಜ್ಜುವರು.

ಒಂದು ಭಾನುವಾರ ನನ್ನ ಕಾರಿನ ಸರದಿ ಬಂತು. ಬಿಸಿಲೇರುವ ಹೊತ್ತಿಗೆ ದೀಪದೊಳಗಿನ ಬಲ್ಬು ಫಳಫಳ ಕಾಣುತ್ತಿತ್ತು. ಅವರು ಮಾತ್ರ ಉಜ್ಜುತ್ತಲೇ ಇದ್ದರು.

"ಸಾಕು ಬುಡಿ ದೊಡ್ಡಪ್ಪ, ಕನ್ನಡಿ ಆಗೋಯ್ತು" ಎಂದೆ.

"ಎಲ್ಲಮ್ಮಾ? ಪೊರೆ ಇನ್ನೂ ಅಂಗೇ ಅದೆ."

ಕಾಫಿ ತಂದ ಅವರ ಹೆಂಡತಿ ಬಗ್ಗಿ ದೀಪ ನೋಡಿದರು. ಆಮೇಲೆ ಗಂಡನ ಮುಖ ನೋಡಿದರು.

"ಪೊರೆ ಅದ್ರಲ್ಲಿಲ್ಲ ಕಣ್ರೀ, ನಿಮ್ ಕಣ್ಣಲ್ಲೇ ಅದೆ. ನೆನ್ನೆ ಕತ್ಲಲ್ಲಿ ಮೊಮ್ಮಗೀನ ಕೂರ್ಸ್ಕೊಂಡು ಮಳವಳ್ಳಿಯಿಂದ ಇಂಗೇ ಓಡ್ಸ್ಕೊಂಡು ಬಂದ್ರಾ?"

ದೊಡ್ಡಪ್ಪ ಬನಿಯನ್ನನ್ನು ಹಿಂಡಿ ಗೇಟಿನ ಮೇಲೆ ಒಣಹಾಕಿದರು. ಕಾಫಿಯನ್ನು ನಿಧಾನವಾಗಿ ಕುಡಿದು ಮುಗಿಸಿದರು. ಕೊನೆಗೆ ಜೇಬಿನಿಂದ ತಮ್ಮ ಕಾರಿನ ಕೀ ತೆಗೆದು ನನ್ನ ಕಡೆ ಚಾಚಿದರು.

"ನಾಳೆ ಕಣ್ಣಾಸ್ಪತ್ರೆಗೆ ನೀನೇ ಕರ್ಕೊಂಡ್ ಓಗವ್ವ," ಎಂದವರು ಕೀಯನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ. "ಗೇರು ಮೆತ್ತಗೆ ಆಕು."