ಎರಡು ದಡದ ಮಾತಿಗೆ ಒಂದು ಕಿವಿ

ಕ್ರೊಯೇಷಿಯಾದ ಪೂಲಾ ಬಂದರಿನ ಕ್ರೇನುಗಳ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಸರಬರಾಜು ಹಡಗುಗಳ ಕಚೇರಿಯ ಮೇಲ್ಮಹಡಿಯಲ್ಲಿ ನೆವಿಯಾ ಬೋಜಾಟ್ಸ್ ಆಗಲೇ ರೇಡಿಯೊ ಮುಂದೆ ಕೂತಿದ್ದಾರೆ. ಸಮುದ್ರದ ನಡುವೆ ಅನಿಲ ತೆಗೆಯುವ ಅಟ್ಟಣೆಗಳನ್ನು ಒಂದೊಂದಾಗಿ ಮಾತಾಡಿಸುತ್ತಾರೆ. ನಮ್ಮ ಕಡೆಯವರಿಗೆ ಕ್ರೊಯೇಷಿಯನ್, ಆಚೆ ದಡದ ಇಟಲಿಯವರಿಗೆ ಇಟಾಲಿಯನ್.

"ಎದ್ರೇನಪ್ಪಾ? ಸಮುದ್ರ ಹೇಗಿದೆ?"

"ಸಮುದ್ರಕ್ಕೇನು, ತೆಪ್ಪಗಿದೆ ನೆವಿಯಕ್ಕ. ನಮ್ಮ ಅಡುಗೆಯವನ ಸಾರೇ ಅಪಾಯ!"

ನಕ್ಕು ಮುಂದಿನ ಅಟ್ಟಣೆಗೆ ಹೋಗುತ್ತಾರೆ. ಅವಘಡವಾದರೆ ಯಾವ ದೇಶದ ಹಡಗು ಹತ್ತಿರವಿದೆಯೋ ಅದೇ ಓಡಬೇಕು ಎಂಬುದು ಎರಡೂ ದೇಶಗಳ ಸುರಕ್ಷತಾ ಅಧಿಕಾರಿಗಳ ಒಪ್ಪಂದ. ಒಪ್ಪಂದಕ್ಕೆ ಸಹಿ ಹಾಕಿದವರ ಫೋಟೊ ಪತ್ರಿಕೆಯಲ್ಲಿ ಬಂದಿತ್ತು. ಅದರಲ್ಲಿ ನೆವಿಯಾ ಇರಲಿಲ್ಲ.

ನೆವಿಯಾರ ತಾಯಿ ಹತ್ತಿರದ ರೊವಿನ್ಯ್ ಊರಿನ ಮೀನು ಡಬ್ಬಿ ಕಾರ್ಖಾನೆಯಲ್ಲಿ ದುಡಿದವರು. ಈ ದಡ ಇಟಲಿಯದಾಗಿದ್ದ ಕಾಲದ ಅಜ್ಜಿಯ ಬಾಯಲ್ಲಿ ಬರೀ ಇಟಾಲಿಯನ್. "ಶಾಲೇಲಿ 'ಇಟಲಿಯೋಳು' ಅಂತ ಅಣಕಿಸೋರು, ಆಚೆ ದಡದ ನೆಂಟ್ರ ಮನೆಗೆ ಹೋದ್ರೆ 'ಕ್ರೊಯೇಷಿಯಾದೋಳು ಬಂದ್ಳು' ಅನ್ನೋರು. ಎರಡೂ ಕಡೆ ಬೈಸ್ಕೊಂಡೇ ಎರಡೂ ಭಾಷೆ ಕಲಿತೆ ನೋಡಿ," ಎನ್ನುತ್ತಾರೆ. ಹಡಗು ಕಟ್ಟುವ ಕಾರ್ಖಾನೆ ಮುಚ್ಚಿದಾಗ ಗಂಡ ಲಿಬೆರೊ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತರು. ಆಗ ಸಂಸಾರ ತೂಗಿಸಿದ್ದು ಈ ರೇಡಿಯೊ ಕುರ್ಚಿಯೇ.

ನಾಲ್ಕು ವರ್ಷದ ಹಿಂದೆ ಜನವರಿಯ ಒಂದು ಬೆಳಿಗ್ಗೆ ದಟ್ಟ ಮಂಜು ಕವಿದಿತ್ತು. ಇಟಲಿ ಕಡೆಯ ಅಟ್ಟಣೆಯೊಂದರಲ್ಲಿ ಕೊಳವೆಯ ಕೀಲು ಬಿಟ್ಟು ಅನಿಲ ಸೋರತೊಡಗಿತು. ಹತ್ತಿರವಿದ್ದದ್ದು ನಮ್ಮ ಹಡಗು, ಕಪ್ತಾನ ಯೆರ್ಕೊ. ಅನಿಲ ಹರಡುವ ಕಡೆಯಿಂದ ಹೋದರೆ ಎಂಜಿನ್ನಿನ ಒಂದು ಕಿಡಿ ಸಾಕು, ಹಡಗೂ ಉಳಿಯದು, ಅಟ್ಟಣೆಯೂ ಉಳಿಯದು. ರೇಡಿಯೊದಲ್ಲಿ ಇಂಗ್ಲಿಷ್ ಆಡಬೇಕೆಂಬುದು ನಿಯಮ. ಯೆರ್ಕೊ ಗಾಳಿ ಯಾವ ಕಡೆಯದೆಂದು ಕೇಳಿದ. ಅಟ್ಟಣೆಯ ಮುಖ್ಯಸ್ಥ ಒರೆಸ್ತೆ ಗಾಬರಿಯಲ್ಲಿ "ಗಾಳಿ, ಉತ್ತರ!" ಎಂದಷ್ಟೇ ಕೂಗಿದ. ಗಾಳಿ ಉತ್ತರದಿಂದ ಬೀಸುತ್ತಿದೆ ಎಂದುಕೊಂಡ ಯೆರ್ಕೊ, ಹಾಗಾದರೆ ಅನಿಲ ದಕ್ಷಿಣಕ್ಕೆ ಹೋಗುತ್ತದೆ, ಉತ್ತರವೇ ಕ್ಷೇಮವೆಂದು ಆ ಕಡೆಯಿಂದ ಅಟ್ಟಣೆಯತ್ತ ಹೊರಟ. ಹಡಗಿದ್ದಲ್ಲಿ ಗಾಳಿಯೇ ಇರಲಿಲ್ಲ, ಹಾಗಾಗಿ ಅವನು ತಾನೇ ನೋಡಿ ತಿಳಿಯುವಂತಿರಲಿಲ್ಲ.

"ಒರೆಸ್ತೆ ಧ್ವನೀಲೇ ಏನೋ ಎಡವಟ್ಟಾಗಿದೆ ಅನ್ನಿಸ್ತು. ಅವನ ಭಾಷೇಲೇ ಕೇಳಿದೆ: 'ಗಾಳಿ ಸುದ್ದಿ ಬಿಡೋ ಮಾರಾಯಾ, ಅನಿಲ ಯಾವ ಕಡೆ ಹೋಗ್ತಿದೆ?' ಅಂತ. 'ಉತ್ತರಕ್ಕೇ, ಹೇಳಿದ್ನಲ್ಲ!' ಅಂದ. ಅವನು ಹೇಳಿದ್ದು ಗಾಳಿ ಹೋಗೋ ದಿಕ್ಕು, ಯೆರ್ಕೊ ತಿಳ್ಕೊಂಡಿದ್ದು ಬರೋ ದಿಕ್ಕು! 'ಯೆರ್ಕೊ, ನಿಲ್ಲಿಸು! ಸುತ್ತು ಹಾಕಿ ದಕ್ಷಿಣದಿಂದ ಹೋಗು!' ಅಂತ ಕಿರುಚಿದೆ."

ಹಡಗು ನಿಂತಿತು, ಸುತ್ತು ಹಾಕಿತು. ಅಟ್ಟಣೆಯಲ್ಲಿದ್ದವರೆಲ್ಲ ದಕ್ಷಿಣದ ಅಂಚಿನಿಂದ ಇಳಿದು ಹಡಗೇರಿದರು. ಒಬ್ಬನ ಕಾಲು ಉಳುಕಿತ್ತು, ಅಷ್ಟೇ.

ಮರುದಿನ ಮೇಲಧಿಕಾರಿ ಕರೆದು ಗದರಿಸಿದ. "ನಿಮ್ಮ ಕೆಲಸ ಮಾತು ದಾಟಿಸೋದು, ಹಡಗು ನಡೆಸೋದಲ್ಲ." ಅವರನ್ನು ರೇಡಿಯೊದಿಂದ ಎಬ್ಬಿಸಿ ಉಗ್ರಾಣಕ್ಕೆ ಹಾಕಿದರು. ಹಗ್ಗ, ಬಣ್ಣದ ಡಬ್ಬಗಳ ನಡುವೆ ಕೂತು ನೆವಿಯಾ ಅತ್ತರು. "ಮನೇಲಿ ಅಳೋಕಾಗ್ತಿರ್ಲಿಲ್ಲ, ಲಿಬೆರೊ ನೊಂದ್ಕೋತಿದ್ದ."

ವಸಂತದಲ್ಲಿ ಎರಡೂ ದೇಶಗಳ ತನಿಖಾಧಿಕಾರಿಗಳು ಒಟ್ಟಿಗೇ ಬಂದರು. ಆ ದಿನದ ಧ್ವನಿಮುದ್ರಣವನ್ನು ಒಂದೇ ಕೋಣೆಯಲ್ಲಿ ಕೂತು ಮತ್ತೆ ಮತ್ತೆ ಕೇಳಿದರು. ಕೊನೆಗೆ ಉಗ್ರಾಣದಿಂದ ನೆವಿಯಾರನ್ನು ಕರೆಸಿದರು. ಇಟಲಿಯ ಅಧಿಕಾರಿಣಿ ಎದ್ದು ನಿಂತು ಕುರ್ಚಿ ಎಳೆದುಕೊಟ್ಟದ್ದನ್ನು ಅವರು ಇಂದಿಗೂ ಹೇಳಿಕೊಳ್ಳುತ್ತಾರೆ. ಅಂದಿನಿಂದ ಎರಡೂ ಕಡೆ ನಿಯಮ ಬದಲಾಗಿದೆ: ಗಾಳಿಯನ್ನು ಕೇಳುವಂತಿಲ್ಲ, ಅನಿಲ ಎತ್ತ ಹೋಗುತ್ತಿದೆ ಎಂದೇ ಕೇಳಬೇಕು. ಪ್ರತಿ ಶರತ್ಕಾಲದಲ್ಲಿ ಎರಡೂ ದೇಶದವರು ಸೇರಿ ಅಣಕು ರಕ್ಷಣೆಯ ತಾಲೀಮು ನಡೆಸುತ್ತಾರೆ. ನೆವಿಯಾ ಮತ್ತೆ ರೇಡಿಯೊ ಮುಂದಿದ್ದಾರೆ. ಮೇಲಧಿಕಾರಿ ಮಾತ್ರ ಕ್ಷಮೆ ಕೇಳಿಲ್ಲ.

ಮುಂದಿನ ವರ್ಷ ಅವರ ನಿವೃತ್ತಿ. ಆ ಕುರ್ಚಿಗೆ ಬೇರೆ ಯಾರನ್ನೂ ತರುವುದಿಲ್ಲವಂತೆ. ಬೇಸರವಿಲ್ಲವೇ ಎಂದು ಕೇಳಿದೆ.

"ಯಾಕೆ ಬೇಸರ? ಹೋದ ಸಲದ ಅಣಕು ರಕ್ಷಣೇಲಿ ಒರೆಸ್ತೆ ತಡ ಮಾಡ್ದ. ಯೆರ್ಕೊ ಅವನಿಗೆ ಅಚ್ಚ ಇಟಾಲಿಯನ್ನಲ್ಲೇ ಉಗಿದ, ಅವನು ಕ್ರೊಯೇಷಿಯನ್ನಲ್ಲಿ ತಿರುಗಿಸಿ ಕೊಟ್ಟ. ಒಂದಕ್ಷರ ತಪ್ಪಿಲ್ಲ! ನಾನು ಬಾಯಿ ಮುಚ್ಕೊಂಡು ಕಾಫಿ ಕುಡಿದೆ ಕಣ್ರೀ," ಎನ್ನುತ್ತಾರೆ ನೆವಿಯಾ.