ಅಕ್ಕನಿಗೆ ಮುಖ ಅಂಟಿಸಿದವರು

ನನ್ನ ಅಕ್ಕನ ಕೂದಲನ್ನು ಮುಖದ ಮೇಲೆ ಇಳಿಬಿಡಲು ಈ ಕ್ಯಾಮೆರಾದವರಿಗೆ ಯಾರು ಹೇಳಿದರು? ಕಣ್ಣು ಬಿಳಿ ಮಾಡಲು, ಉಗುರು ಬೆಳೆಸಲು, ಹಲ್ಲಿಯ ಹಾಗೆ ಗೋಡೆ ಹತ್ತಿಸಲು? ನೆನೆದಾಗಲೆಲ್ಲ ಮೈ ಉರಿಯುತ್ತದೆ. ಸಿಟ್ಟು ಇಳಿದ ಮೇಲೆ ಬರೆಯಬೇಕು ಎನ್ನುವವರು ಹಾಗೆಯೇ ಬರೆದುಕೊಳ್ಳಲಿ. ನನ್ನದು ಇಳಿಯುವುದಿಲ್ಲ.

ಅಕ್ಕ ತೀರಿಹೋದದ್ದು ನಾನು ಹುಟ್ಟುವ ಮೊದಲು, ಜ್ವರ ಬಂದು, ಇನ್ನೂ ತೊದಲು ಮಾತಾಡುತ್ತಿದ್ದಾಗ. ಅವಳ ಒಂದು ಫೋಟೊ ಕೂಡ ಇಲ್ಲ. ಮುಖ ಇದ್ದದ್ದು ಅಮ್ಮನ ಮನಸ್ಸಿನಲ್ಲಿ ಮಾತ್ರ, ಅಲ್ಲಿ ಅವಳು ವರ್ಷ ವರ್ಷ ಬೆಳೆದಳು. ಮಡಂತ್ಯಾರು ಪೇಟೆಯಲ್ಲಿ ನನಗೆ ಲಂಗ ಕೊಳ್ಳುವಾಗ ಅಮ್ಮ ಕೈ ಎತ್ತಿ, "ಅವಳು ಇದ್ದಿದ್ರೆ ಈಗ ಇಷ್ಟುದ್ದ ಆಗ್ತಿದ್ದಳು" ಎನ್ನುತ್ತಿದ್ದಳು. ಅಂಗಡಿಯವರೂ ಆ ಎತ್ತರವನ್ನು ನೋಡಿ ತಲೆಯಾಡಿಸುತ್ತಿದ್ದರು.

ನನ್ನ ಮದುವೆಯಾಯಿತು. ತಮ್ಮನ ಮದುವೆ ಮಾತ್ರ ಮಾತುಕತೆಯವರೆಗೆ ಬಂದು ಬಂದು ತಪ್ಪಿತು. ಜೋಯಿಸರಲ್ಲಿ ಕೇಳಿದರೆ, ಹಿರಿಯವಳು ಕಾಯುತ್ತಿದ್ದಾಳೆ, ಮೊದಲು ಅವಳಿಗೆ ಗಂಡು ನೋಡಿ ಎಂದರು. ನಮ್ಮಲ್ಲಿ ಇದು ಹೊಸತಲ್ಲ. ಎಳವೆಯಲ್ಲಿ ತೀರಿಹೋದವರಿಗೂ ಪ್ರಾಯ ಬರುತ್ತದೆ, ಅವರಿಗೂ ಮದುವೆಯಾಗಬೇಕು. ಗಂಡು ತೀರಿಹೋದವನೇ ಆಗಬೇಕು, ಅವನ ಕುಲ, ಬಳಿ ಎನ್ನುವ ಗೋತ್ರ ಎಲ್ಲ ನೋಡಬೇಕು. ನರಿಕೊಂಬಿನಲ್ಲಿ ಅಂಥ ಹುಡುಗ ಸಿಕ್ಕಿದ. ಎರಡು ಕುರ್ಚಿ ಇಟ್ಟು, ಒಂದರ ಮೇಲೆ ಪಂಚೆ ಶರ್ಟು, ಇನ್ನೊಂದರ ಮೇಲೆ ಧಾರೆಸೀರೆ ಇಟ್ಟು ಧಾರೆ ಎರೆದರು. ಮದುವೆಯಾಗದವರು ನೋಡುವ ಹಾಗಿಲ್ಲವಾದ್ದರಿಂದ ತಮ್ಮ ಹೊರಗಿದ್ದ. ಅಂದಿನಿಂದ ನರಿಕೊಂಬಿನವರು ನಮಗೆ ಬೀಗರು. ಬಾಯಿಮಾತಿಗಲ್ಲ, ಮುಂದೆ ತಮ್ಮನ ಮದುವೆಯಲ್ಲಿ ಎದುರಿನ ಸಾಲಿನಲ್ಲಿ ಕುಳಿತದ್ದು ಅವರೇ.

ಇದನ್ನು ನಾನು ಕಥೆ ಮಾಡಿದೆ. ನಾನು ಬರೆಯುವುದೇ ಅಂಥವು: ಬೇರೆ ಗ್ರಹ, ಬೇರೆ ಕಾಲ. ಈ ಕಥೆಯಲ್ಲಿ ನಮ್ಮ ಪಕ್ಕದಲ್ಲೇ ಇನ್ನೊಂದು ಕಾಲ ಹರಿಯುತ್ತದೆ, ಅಲ್ಲಿ ಅಕ್ಕ ಬದುಕಿ ಬೆಳೆದಿದ್ದಾಳೆ. ತನ್ನ ಮದುವೆಯ ದಿನ ಈಚೆ ದಾಟಿ ಬಂದು, ಕುರ್ಚಿಯ ಮೇಲಿನ ಸೀರೆ ನೋಡಿ, "ಈ ಬಣ್ಣ ನನಗೆ ಬೇಡ" ಎಂದು ಅಮ್ಮನ ಹತ್ತಿರ ಜಗಳ ತೆಗೆಯುತ್ತಾಳೆ. ಅಷ್ಟೇ. ಓದಿ ಹೇಳಿದಾಗ ಅಮ್ಮ ನಕ್ಕಳು, ಅತ್ತಳು, "ಹೌದು ಹೌದು, ಅವಳದ್ದು ಭಾರೀ ಹಟ" ಎಂದಳು.

ಪತ್ರಿಕೆಯಲ್ಲಿ ಅದನ್ನು ಓದಿ ಬೆಂಗಳೂರಿನ ನಿರ್ದೇಶಕನೊಬ್ಬ ಬಂದ. ಮೂಡುಬಿದಿರೆಯ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತ, "ಸಖತ್ ಕಾನ್ಸೆಪ್ಟ್ ಮೇಡಂ, ವೆಬ್ ಸೀರೀಸ್ ಮಾಡ್ತೀನಿ. ಸ್ವಲ್ಪ ಥ್ರಿಲ್ ಸೇರಿಸ್ಬೇಕು, ಅಷ್ಟೇ" ಎಂದ. ಇದು ಹೆದರಿಸುವ ಕಥೆಯಲ್ಲ ಎಂದೆ. "ಕಥೆ ಜೀವ ಹಾಗೇ ಇರುತ್ತೆ ಮೇಡಂ. ಆದ್ರೆ ಫ್ಯಾಂಟಸಿ ತಾನೇ, ಏನ್ ಬೇಕಾದ್ರೂ ಮಾಡ್ಬಹುದು" ಎಂದ. ಮೊದಲ ಮಾತನ್ನು ನಂಬಿ ನಾನು ಒಪ್ಪಿದೆ.

ಏನು ಬೇಕಾದರೂ ಅಂತೆ! ಇದನ್ನು ಕೇಳಿದರೆ ನನಗೆ ಈಗಲೂ ಮಂಡೆ ಬಿಸಿಯಾಗುತ್ತದೆ. ಇರುವ ಲೋಕದ ಬಗ್ಗೆ ತಪ್ಪು ಬರೆದರೆ ಓದುವವರು ಕಿಟಕಿಯಿಂದ ಹೊರಗೆ ನೋಡಿ ತಿದ್ದಿಕೊಂಡಾರು. ಇಲ್ಲದ ಲೋಕಕ್ಕೆ ಬರೆದವರ ನಿಯತ್ತು ಬಿಟ್ಟರೆ ಬೇರೆ ಆಧಾರವೇ ಇಲ್ಲ. ನಮ್ಮಲ್ಲಿ ಸತ್ತವರು ಕೂಡ ಮನಸ್ಸಿಗೆ ಬಂದ ಹಾಗೆ ಮಾಡುವುದಿಲ್ಲ ಮಾರಾಯ್ರೆ, ಅವರೂ ಬಳಿ ನೋಡಿ, ಬೀಗರನ್ನು ಕೇಳಿ ನಡೆಯುತ್ತಾರೆ. ಯಾರನ್ನೂ ಕೇಳದವರು ಈ ಕ್ಯಾಮೆರಾದವರು ಮಾತ್ರ.

ಸೀರೀಸ್ ಬಂದ ದಿನ ಅಮ್ಮ ಬೆಳಿಗ್ಗೆಯೇ ಮಿಂದು, ಒಳ್ಳೆಯ ಸೀರೆ ಉಟ್ಟು, ಟಿವಿಯ ಧೂಳು ಒರೆಸಿ ಕುಳಿತಳು. ಮಗಳನ್ನು ನೋಡುವುದಲ್ಲವೇ? ಪರದೆಯ ಮೇಲೆ ಗೋಡೆ ಹತ್ತುವ ಆ ಹೆಣ್ಣು ಬಂತು.

"ಇದು ಯಾರು ಮಗಾ?" ಎಂದು ಕೇಳಿದಳು. ನಾನು ರಿಮೋಟಿಗೆ ಕೈ ಹಾಕಿದೆ. "ಇರ್ಲಿ, ನಮ್ಮವಳು ಇನ್ನು ಬರ್ತಾಳೆ" ಎಂದು ತಡೆದಳು.

ಎಲ್ಲಿಂದ ಬರುವುದು, ಕರ್ಮ! ಆ ಬಿಳಿಗಣ್ಣಿನವಳೇ ಹರಿದ ಧಾರೆಸೀರೆಯಲ್ಲಿ ಬಂದು ಅತ್ತೆಯ ಕುತ್ತಿಗೆ ಹಿಸುಕಿ ಕೊಂದಳು. ಆಗ ಅಮ್ಮನಿಗೆ ಅದು ಯಾರೆಂದು ತಿಳಿಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುವ ಗಾದೆಯೂ ಇವರಿಗೆ ಹೆಚ್ಚಾಯಿತು. ಅವರಪ್ಪನಾದರೂ ದೇವರು.

ಫೋನ್ ಮಾಡಿದೆ. "ಜನಕ್ಕೆ ತುಂಬಾ ಇಷ್ಟ ಆಗಿದೆ ಮೇಡಂ, ಎರಡನೇ ಸೀಸನ್ ಬಗ್ಗೆ ಮಾತಾಡೋಣ್ವಾ?" ಎಂದ.

"ಮೊದ್ಲು ನಿನ್ನ ಅಕ್ಕನನ್ನು ಗೋಡೆಗೆ ಹತ್ತಿಸು, ಮತ್ತೆ ಮಾತಾಡುವ" ಎಂದು ಫೋನ್ ಇಟ್ಟೆ.

ಅಮ್ಮ ಬೈಯಲಿಲ್ಲ. ಮಾರನೆಯ ದಿನ ತರಕಾರಿ ಹೆಚ್ಚುತ್ತ, "ಕಣ್ಣು ಮುಚ್ಚಿದ್ರೆ ಅದೇ ಬರ್ತದೆ ಮಗಾ. ನಮ್ಮವಳು ಬರುವುದಿಲ್ಲ" ಎಂದಳು. ಕಥೆಯಲ್ಲಿ ನಾನು ಅಕ್ಕನ ಮುಖ ಹೇಗಿತ್ತೆಂದು ಒಂದಕ್ಷರ ಬರೆದಿರಲಿಲ್ಲ, ಬೇಕೆಂದೇ. ಅದು ಅಮ್ಮನ ಸೊತ್ತು. ಪರದೆಗೆ ಮುಖ ಬೇಕೇ ಬೇಕಲ್ಲ, ಕೈಗೆ ಸಿಕ್ಕಿದ್ದೊಂದನ್ನು ಅಂಟಿಸಿಬಿಟ್ಟರು. ಹಾಳಾಗಿ ಹೋಗಲಿ.

ಕೆಲವು ದಿನ ಕಳೆದು ನರಿಕೊಂಬಿನಿಂದ ಅಕ್ಕನ ಅತ್ತೆ ಬಸ್ಸು ಹತ್ತಿ ಬಂದರು. ಜಗಳಕ್ಕೆ ಬಂದರೆಂದು ಹೆದರಿದೆ. ಸಿಟ್ಟು ಇತ್ತು, ಆದರೆ ನಮ್ಮ ಮೇಲಲ್ಲ.

"ನನ್ನನ್ನು ಕೊಂದಳಂತೆ! ಗುಂಡುಕಲ್ಲಿನ ಹಾಗೆ ಇದ್ದೇನಲ್ಲ ನಾನು! ಅವಳು ಬಂದ ಮೇಲೆ ನಮ್ಮ ಮನೆಗೆ ಒಳ್ಳೇದೇ ಆದದ್ದು. ಅವರ ಬಾಯಿಗೆ ಮಣ್ಣು ಹಾಕ!" ಎಂದು ಜಗಲಿಯಲ್ಲೇ ಶುರು ಮಾಡಿದರು. ಆಮೇಲೆ ಚೀಲದಿಂದ ಹೊಸ ಸೀರೆ ತೆಗೆದು ಅಮ್ಮನ ಕೈಯಲ್ಲಿಟ್ಟರು. "ನಮ್ಮ ಸೊಸೆ ಊರಿಗೆಲ್ಲ ಹರಿದ ಸೀರೆಯಲ್ಲಿ ಕಂಡಳು. ಇದನ್ನು ಉಡಿಸುವ."

ಅಮ್ಮ ಸೀರೆಯನ್ನು ಕುರ್ಚಿಯ ಮೇಲೆ ಹರಡಿದಳು, ಸೆರಗು ಸರಿ ಮಾಡಿದಳು, ಎದುರು ಕುಳಿತು ಕಣ್ಣು ಮುಚ್ಚಿದಳು. ನಾವಿಬ್ಬರೂ ಕಾದೆವು. ಅತ್ತೆ ಚಹಾ ಮುಟ್ಟಲಿಲ್ಲ.

"ಬಣ್ಣ ಬೇಡ ಅಂತಾಳಾ?" ನಾನೇ ಕೊನೆಗೆ ಕೇಳಿದೆ.

"ಸೀರೆ ಕಾಣ್ತದೆ" ಎಂದಳು ಅಮ್ಮ. "ಮುಖ ಇಲ್ಲ."